ಊಟದ ಲೆಕ್ಕ

ಅಮೆರಿಕಕ್ಕೆ ಹೋಗಿ ಬಂದವನು ಅಲ್ಲಿಯ ಜಲಪಾತವನ್ನೋ ಮುಗಿಲು ಮುಟ್ಟುವ ಕಟ್ಟಡಗಳನ್ನೋ ವರ್ಣಿಸುವುದು ವಾಡಿಕೆ. 2025ರ ವಸಂತದಲ್ಲಿ ನಾನು ಟೆಕ್ಸಾಸಿನಲ್ಲಿರುವ ಮಗಳ ಮನೆಯಲ್ಲಿ ಕೆಲಕಾಲ ಇದ್ದು ಬಂದೆನು. ಜಲಪಾತವನ್ನು ನೋಡಲಿಲ್ಲ. ಮಾರ್ಚ್ ತಿಂಗಳ ಕೊನೆಗೆ ಹೆದ್ದಾರಿಯ ಎರಡು ಪಕ್ಕಗಳಲ್ಲೂ ಹಾಸಿದಂತೆ ಅರಳುವ ನೀಲಿ ಹೂಗಳನ್ನು ನೋಡಿದೆನು. ಅವು ಚೆಲುವಾಗಿಯೇ ಇದ್ದವು. ಆದರೂ ಅಲ್ಲಿ ಕಂಡವುಗಳಲ್ಲಿ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿರುವುದು ಒಂದು ಕಾಗದ. ಅದರ ಹೆಸರು 1098-ಟಿ. ಹೆಸರೇ ಇಷ್ಟು ನೀರಸವಾಗಿದ್ದರೆ ಕತೆ ಹೇಗಿದ್ದೀತೆಂದು ಪುಟ ಮಗುಚಬೇಡಿ. ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತೈದು ವರ್ಷ ಕಳೆದ ಮುದುಕನಿಗೆ ಹೂವಿಗಿಂತ ಕಾಗದದ ಮೇಲೆಯೇ ಕಣ್ಣು ಹೋಗುವುದು ಸಹಜ.

ಆ ದೇಶದಲ್ಲಿ ಏಪ್ರಿಲ್ 15 ತೆರಿಗೆಯ ಕೊನೆಯ ದಿನ. ಅದಕ್ಕೆ ಮುಂಚೆ ಮನೆಮನೆಯ ಊಟದ ಮೇಜೂ ಕಚೇರಿಯ ಮೇಜಾಗಿ ಬಿಡುತ್ತದೆ. ನನ್ನ ಮಗಳು ಶಾಲೆಯಲ್ಲಿ ಉಪಾಧ್ಯಾಯಿನಿ. ಅಳಿಯಂದಿರಿಗೆ ಸರಕಾರದ ಒಂದು ಇಲಾಖೆಯಲ್ಲಿ ಕೆಲಸ. ಮೊಮ್ಮಗಳು ಹಿಂದಿನ ಆಗಸ್ಟಿನಲ್ಲಿ ಕಾಲೇಜು ಸೇರಿ, ವಸಂತದ ರಜೆಗೆಂದು ಮನೆಗೆ ಬಂದಿದ್ದಳು. ಅಂದು ರಾತ್ರಿ ಊಟದ ತಟ್ಟೆಗಳನ್ನು ತೆಗೆದ ಜಾಗದಲ್ಲಿ ಅಳಿಯಂದಿರು ಕಾಗದಗಳನ್ನು ಹರಡಿದರು. ಅವುಗಳಲ್ಲಿ ಒಂದು, ಕಾಲೇಜು ಕಳುಹಿಸಿದ್ದ ಈ 1098-ಟಿ. ಅದರ ಒಂದನೆಯ ಚೌಕದಲ್ಲಿ ಆ ವರ್ಷ ಕಾಲೇಜಿಗೆ ಸಂದ ಶುಲ್ಕ, ಐದನೆಯ ಚೌಕದಲ್ಲಿ ವಿದ್ಯಾರ್ಥಿವೇತನ. ಮೊಮ್ಮಗಳ ಕಾಗದದಲ್ಲಿ ಎರಡೂ ಕಡೆ 6,000 ಡಾಲರು ಎಂದಿತ್ತು.

"ಎರಡೂ ಸರಿಸಮ. ಇದರಲ್ಲಿ ನಮಗೇನೂ ಇಲ್ಲ" ಎಂದು ಅಳಿಯಂದಿರು ಅದನ್ನು ಬದಿಗಿಟ್ಟರು. ಮಗಳು ಅದನ್ನು ಮತ್ತೆ ತನ್ನ ಮುಂದಕ್ಕೆ ಎಳೆದುಕೊಂಡಳು. ನಮ್ಮ ಆ ರಾತ್ರಿಯ ನಿದ್ರೆ ಕೆಟ್ಟದ್ದು ಅಲ್ಲಿಂದ.

ಅಲ್ಲಿಯ ಕಾನೂನನ್ನು ಮೊದಲು ಹೇಳಿಬಿಡುತ್ತೇನೆ. ಪದವಿಗಾಗಿ ಓದುವ ವಿದ್ಯಾರ್ಥಿಗೆ ಬರುವ ವೇತನದಲ್ಲಿ ಕಾಲೇಜಿನ ಶುಲ್ಕಕ್ಕೂ, ಪಾಠಕ್ಕೆ ಕಡ್ಡಾಯವಾದ ಪುಸ್ತಕ ಸಲಕರಣೆಗಳಿಗೂ ಹೋದ ಭಾಗಕ್ಕೆ ವರಮಾನ ತೆರಿಗೆ ಇಲ್ಲ. ಊಟಕ್ಕೆ, ವಸತಿಗೆ, ಪ್ರಯಾಣಕ್ಕೆ ಹೋದ ಭಾಗ ಮಾತ್ರ ವಿದ್ಯಾರ್ಥಿಯ ವರಮಾನ. ಅದು ತೆರಿಗೆಯ ಲೆಕ್ಕಕ್ಕೆ ಸೇರತಕ್ಕದ್ದು. ಈ ಗೆರೆಯನ್ನು ಎಳೆದದ್ದು 1986ರ ತೆರಿಗೆ ಸುಧಾರಣೆಯ ಕಾಯಿದೆ. ಅದಕ್ಕೆ ಮೊದಲು ಅಲ್ಲಿಯೂ ಪದವಿಯ ವಿದ್ಯಾರ್ಥಿಯ ಅನ್ನಕ್ಕೆ ತೆರಿಗೆಯ ಭಯವಿರಲಿಲ್ಲ. ಇದು ಒಂದು ಕೈಯ ವ್ಯವಹಾರ. ಇನ್ನೊಂದು ಕೈಯಲ್ಲಿ ಸರಕಾರವು ಮಕ್ಕಳನ್ನು ಓದಿಸುವ ಕುಟುಂಬಕ್ಕೆ ಒಂದು ಸಹಾಯವನ್ನು ನೀಡುತ್ತದೆ. 2009ರಲ್ಲಿ ತಂದ ಅದರ ಹೆಸರು ಅಮೆರಿಕನ್ ಆಪರ್ಚುನಿಟಿ ಟ್ಯಾಕ್ಸ್ ಕ್ರೆಡಿಟ್. 2015ರಲ್ಲಿ ಅದನ್ನು ಸ್ಥಿರಗೊಳಿಸಿದರು. ನಾವು ಅದನ್ನು ವಿದ್ಯೆಯ ಜಮೆ ಎಂದು ಕರೆಯೋಣ. ಇದು ವರಮಾನದಲ್ಲಿ ಮಾಡುವ ವಜಾ ಅಲ್ಲ. ಕಟ್ಟಬೇಕಾದ ತೆರಿಗೆಯ ಮೊತ್ತದಲ್ಲಿಯೇ ಡಾಲರಿಗೆ ಡಾಲರು ಕಳೆದು ಕೊಡುವಂಥದು. ಶುಲ್ಕ ಪುಸ್ತಕಗಳಿಗೆ ಕೈಯಿಂದ ಕೊಟ್ಟ ಮೊದಲ 2,000 ಡಾಲರು ಪೂರ್ತಿಯಾಗಿಯೂ, ಮುಂದಿನ 2,000ದ ಕಾಲುಭಾಗವೂ ಸೇರಿ ವರ್ಷಕ್ಕೆ ಒಬ್ಬ ವಿದ್ಯಾರ್ಥಿಯ ಸಲುವಾಗಿ ಹೆಚ್ಚೆಂದರೆ 2,500 ಡಾಲರು. ತೆರಿಗೆಯೇ ಬಾರದ ಬಡ ಕುಟುಂಬಕ್ಕೂ ಇದರಲ್ಲಿ 1,000 ಡಾಲರಿನ ತನಕ ಕೈಗೆ ಬರಬಹುದು. ಗಂಡಹೆಂಡಿರ ಒಟ್ಟು ವರಮಾನ 1,60,000 ಡಾಲರನ್ನು ಮೀರಿದರೆ ಜಮೆ ಕರಗತೊಡಗಿ 1,80,000ಕ್ಕೆ ಇಲ್ಲವಾಗುತ್ತದೆ. ನನ್ನ ಮಗಳ ಮನೆಯ ವರಮಾನ ಅಲ್ಲಿಯವರೆಗೆ ಏರಿದ್ದಲ್ಲ.

ತೊಡಕು ಇರುವುದು "ಕೈಯಿಂದ ಕೊಟ್ಟ" ಎಂಬ ಮಾತಿನಲ್ಲಿ. ತೆರಿಗೆ ಇಲ್ಲದ ವಿದ್ಯಾರ್ಥಿವೇತನದಿಂದ ತೀರಿದ ಶುಲ್ಕವನ್ನು ಈ ಜಮೆಗೆ ಎಣಿಸುವಂತಿಲ್ಲ. ಒಂದೇ ರೂಪಾಯಿಗೆ ಎರಡು ಸಲ ಸೋಡಿ ಕೇಳಬಾರದು; ಇದು ನ್ಯಾಯವೇ. 6,000 ಶುಲ್ಕ, 6,000 ವೇತನ, ಉಳಿದದ್ದು ಸೊನ್ನೆ, ಸೊನ್ನೆಗೆ ಜಮೆಯೂ ಸೊನ್ನೆ. ಅಳಿಯಂದಿರು ಕಾಗದವನ್ನು ಬದಿಗಿಟ್ಟದ್ದು ಇದೇ ಕಾರಣದಿಂದ.

ಮಗಳು ಕೇಳಿದ ಪ್ರಶ್ನೆ ಬೇರೆ. "ಶುಲ್ಕ 6,000 ಸರಿ. ಹಾಸ್ಟೆಲಿನ ಕೋಣೆಗೂ ಊಟಕ್ಕೂ ನಾವು 6,500 ಕೊಟ್ಟಿದ್ದೇವಲ್ಲ. ವೇತನದ ಹಣ ಶುಲ್ಕಕ್ಕೇ ಹೋಯಿತು, ನಮ್ಮ ಹಣ ಊಟಕ್ಕೇ ಹೋಯಿತು ಎಂದು ಹೇಳಿದವರು ಯಾರು? ಅದಲುಬದಲಾಗಿಯೂ ಹೇಳಬಹುದಷ್ಟೆ?"

ಅವಳ ಲೆಕ್ಕ ಹೀಗೆ. ವೇತನದಲ್ಲಿ 4,000 ಡಾಲರು ಮಗಳ ಊಟ ವಸತಿಗೆ ಹೋಯಿತೆಂದು ತೋರಿಸುವುದು. ಆಗ ಅದು ಹುಡುಗಿಯ ವರಮಾನವಾಗುತ್ತದೆ. ಶುಲ್ಕದಲ್ಲಿ ಅಷ್ಟೇ ಮೊತ್ತ ತಂದೆತಾಯಿಗಳ ಕೈಯಿಂದ ಹೋದಂತಾಗಿ 2,500ರ ಪೂರ್ಣ ಜಮೆ ಅವರಿಗೆ ದೊರೆಯುತ್ತದೆ. ಹುಡುಗಿಗೆ ಬೀಳುವ ತೆರಿಗೆ? ಕಾಲೇಜಿನ ಗ್ರಂಥಾಲಯದಲ್ಲಿ ಸಂಜೆ ಕೆಲಸ ಮಾಡಿ ಅವಳು ಗಳಿಸಿದ್ದು 1,800. ಈ 4,000 ಸೇರಿದರೆ 5,800. ತಂದೆತಾಯಿಗಳ ಆಶ್ರಯದಲ್ಲಿರುವ ವಿದ್ಯಾರ್ಥಿಯ ದುಡಿಮೆಗೆ 2024ರ ಲೆಕ್ಕದಲ್ಲಿ 14,600 ಡಾಲರಿನವರೆಗೂ ವಿನಾಯಿತಿ ಇತ್ತು. ತೆರಿಗೆಗೆ ಒಳಪಡುವ ವಿದ್ಯಾರ್ಥಿವೇತನವನ್ನೂ ಈ ವಿನಾಯಿತಿಯ ಮಟ್ಟಿಗೆ ದುಡಿಮೆಯೆಂದೇ ಎಣಿಸುತ್ತಾರೆ. ಆದುದರಿಂದ ಅವಳ ತೆರಿಗೆಯೂ ಸೊನ್ನೆ. ಟೆಕ್ಸಾಸ್ ರಾಜ್ಯದಲ್ಲಿ ಬೇರೆ ವರಮಾನ ತೆರಿಗೆಯೂ ಇಲ್ಲ. ವರಮಾನ ಎಂದು ತಾನಾಗಿಯೇ ಒಪ್ಪಿಕೊಂಡು ಬರೆದರೆ 2,500 ಡಾಲರು ಉಳಿಯುವುದು. ತೆಪ್ಪಗಿದ್ದರೆ ಏನೂ ಇಲ್ಲ!

ಇದನ್ನು ಕೇಳಿ ನನಗೆ ಸಂತೋಷವಾಯಿತೆಂದು ನೀವು ಭಾವಿಸಿದರೆ ತಪ್ಪು. ಖರ್ಚಾದ ಮೇಲೆ ಕಲಮನ್ನು ಬದಲಿಸುವುದನ್ನು ನಮ್ಮ ಕಚೇರಿಯಲ್ಲಿ ಲೆಕ್ಕ ತಿರುಚುವುದು ಎನ್ನುತ್ತಿದ್ದೆವು. "ಇದು ಸರಿಯಲ್ಲ ಮಗಳೇ" ಎಂದೆನು. ಅಳಿಯಂದಿರೂ ತಲೆಯಾಡಿಸಿದರು: "ಮಾವ ಹೇಳುವುದು ಸರಿ. ತೆರಿಗೆಯವರನ್ನು ಮನೆಗೆ ಕರೆದು ಕೂರಿಸಿದ ಹಾಗೆ." ಆಗ ಅವಳು ತೆರಿಗೆ ಇಲಾಖೆಯೇ ಅಚ್ಚು ಹಾಕಿಸಿರುವ ಒಂದು ಹೊತ್ತಗೆಯನ್ನು ತೆರೆದು ನನ್ನ ಮುಂದಿಟ್ಟಳು. ಅದರ ಸಂಖ್ಯೆ 970. ಅದರಲ್ಲಿ ಇದೇ ಬಗೆಯ ಉದಾಹರಣೆಗಳಿದ್ದವು. ಹೀಗೆ ಮಾಡಿದರೆ ಲಾಭ, ಹಾಗೆ ಮಾಡಿದರೆ ನಷ್ಟ ಎಂದು ಇಲಾಖೆಯೇ ಕೂಡಿಸಿ ಕಳೆದು ತೋರಿಸಿತ್ತು. ತೆರಿಗೆ ವಸೂಲು ಮಾಡುವವರು ತೆರಿಗೆ ಉಳಿಸುವ ದಾರಿಯನ್ನು ಅಚ್ಚು ಹಾಕಿ ಹಂಚುವುದನ್ನು ನಾನು ಮೊದಲ ಸಲ ಕಂಡೆನು.

ಆದರೆ ಅದಕ್ಕೊಂದು ಕಟ್ಟುನಿಟ್ಟಿತ್ತು. ವೇತನವನ್ನು ಕೊಟ್ಟವರು "ಇದು ಶುಲ್ಕಕ್ಕೆ ಮಾತ್ರ" ಎಂದು ವಿಧಿಸಿದ್ದರೆ ಅದನ್ನು ಊಟದ ಕಲಮಿಗೆ ತರುವಂತಿಲ್ಲ. ಊಟ ವಸತಿಗೂ ಬಳಸಬಹುದೆಂದು ಅವರ ಕರಾರಿನಲ್ಲಿ ಅವಕಾಶವಿದ್ದರೆ ಮಾತ್ರ ಈ ದಾರಿ. ಎಲ್ಲವೂ ನಿಂತಿರುವುದು ಮಂಜೂರಾತಿಯ ಪತ್ರದ ಮೇಲೆ.

ಮೊಮ್ಮಗಳಿಗೆ ಆ ಪತ್ರಗಳನ್ನು ತರಲು ಹೇಳಿದರೆ ಅವಳು ಕುಳಿತಲ್ಲಿಂದ ಏಳಲಿಲ್ಲ. ಮುಖ ಕೆಂಪಾಗಿತ್ತು. "ಅದು ನಾನು ಓದಿ ಗಳಿಸಿದ ಸ್ಕಾಲರ್‌ಶಿಪ್. ಅದನ್ನು ನಾನು ತಿಂದುಹಾಕಿದೆ ಎಂದು ಸರಕಾರದ ಕಾಗದದಲ್ಲಿ ಯಾಕೆ ಬರೆಯಬೇಕು? ನನಗೆ ನಾಚಿಕೆಯಾಗುತ್ತದೆ" ಎಂದಳು.

ಯಾರೂ ಮಾತನಾಡಲಿಲ್ಲ. ಐವತ್ತೈದು ವರ್ಷಗಳಿಂದ ನಾನು ಯಾರಿಗೂ ಹೇಳದೆ ಇದ್ದ ಸಂಗತಿಯೊಂದು ಆಗ ನನ್ನ ಬಾಯಿಗೆ ಬಂದಿತು. ನನ್ನ ಹೆಂಡತಿಗೂ ಅದು ತಿಳಿದಿರಲಿಲ್ಲ.

ನಿಮ್ಮ ಶಾಲೆಯ ಹಿರಿಯರಿಗೆ ಗೊತ್ತಿದ್ದೀತು, ನಾನು ಮುಂಬಯಿಯ ಕನ್ನಡ ರಾತ್ರಿಶಾಲೆಯಲ್ಲಿ ಕಲಿತವನು. ಕರಾವಳಿಯ ಊರಿನಿಂದ ಬಂದು ಹಗಲೆಲ್ಲ ಹೋಟೆಲಿನಲ್ಲಿ ಮೇಜು ಒರೆಸಿ, ರಾತ್ರಿ ಓದಿ, 1969ರಲ್ಲಿ ಎಸ್.ಎಸ್.ಸಿ. ಮುಗಿಸಿದೆನು. ಮರುವರ್ಷ ಬೆಳಗಿನ ಕಾಲೇಜಿನಲ್ಲಿ ವಾಣಿಜ್ಯಕ್ಕೆ ಸೇರಿದೆನು. ಬೆಳಗಿನ ಹೊತ್ತೇ ಹೋಟೆಲಿನ ಗಿರಾಕಿಗಳ ಹೊತ್ತು, ಎರಡೂ ಕೂಡಿಬರುವುದಿಲ್ಲ. ಹೋಟೆಲು ಬಿಟ್ಟೆನು. ಹೋಟೆಲೆಂದರೆ ಸಂಬಳ ಮಾತ್ರವಲ್ಲ. ಎರಡು ಹೊತ್ತಿನ ಊಟ, ರಾತ್ರಿ ಮಲಗಲು ಬೆಂಚು. ಒಂದು ಅಂಗಡಿಯಲ್ಲಿ ಮಧ್ಯಾಹ್ನದ ಗುಮಾಸ್ತಿಕೆ ಸಿಕ್ಕಿತು. ಆ ಸಂಬಳ ಚಾಳಿನ ಖೋಲಿಯಲ್ಲಿ ಎಂಟು ಜನರ ನಡುವೆ ಚಾಪೆ ಹಾಸುವುದಕ್ಕೂ ಊರಿಗೆ ಮನಿಆರ್ಡರಿಗೂ ಸರಿಹೋಯಿತು. ಊಟಕ್ಕೆ ಏನೂ ಉಳಿಯಲಿಲ್ಲ.

ನಮ್ಮ ಊರ ಕಡೆಯವರ ಒಂದು ಸಂಘವು ನನಗೆ ವರ್ಷಕ್ಕೆ 400 ರೂಪಾಯಿಯ ವಿದ್ಯಾರ್ಥಿವೇತನವನ್ನು ಮಂಜೂರು ಮಾಡಿತು. ಕಾರ್ಯದರ್ಶಿಗಳು ಬಿಳಿಯ ಟೊಪ್ಪಿಯ ಹಿರಿಯರು, ಬಲು ಶಿಸ್ತಿನವರು. "ಫೀಸು, ಪುಸ್ತಕ. ಅದಕ್ಕೇ ಈ ಹಣ. ಮಾರ್ಚಿಯೊಳಗೆ ರಸೀದಿ ತಂದು ಒಪ್ಪಿಸತಕ್ಕದ್ದು" ಎಂದು ಹೇಳಿ ಒಂದು ಪತ್ರವನ್ನು ಕೈಗೆ ಕೊಟ್ಟರು. ಫೀಸು 230 ಆಯಿತು, ಪುಸ್ತಕ 60. ಉಳಿದ 110 ರೂಪಾಯಿ ಎರಡೂವರೆ ತಿಂಗಳ ಖಾನಾವಳಿಯ ಊಟವಾಗಿ ನನ್ನ ಹೊಟ್ಟೆಗೆ ಹೋಯಿತು. ಮಾರ್ಚ್ ಬಂದಾಗ ನಾನು ಫ್ಲೋರಾ ಫೌಂಟನ್ನಿನ ಬಳಿಯ ಕಾಲುದಾರಿಯಲ್ಲಿ ಹಳೆಯ ಪುಸ್ತಕ ಮಾರುತ್ತಿದ್ದವನೊಬ್ಬನ ಮುಂದೆ ನಿಂತು, ಒಂದು ರೂಪಾಯಿ ಕೊಟ್ಟು, ಹತ್ತು ಪುಸ್ತಕಗಳಿಗೆ 110 ರೂಪಾಯಿ ಸಂದಿತೆಂದು ಚೀಟಿ ಬರೆಸಿಕೊಂಡೆನು.

ಕಾರ್ಯದರ್ಶಿಗಳು ಕನ್ನಡಕವೇರಿಸಿ ಅದನ್ನು ಓದಿದರು. ನಾನು ನೆಲ ನೋಡುತ್ತ ನಿಂತಿದ್ದೆನು. ಅವರು ಬೈದಿದ್ದರೆ ಚೆನ್ನಾಗಿತ್ತು. "ಹತ್ತು ಪುಸ್ತಕವೇ! ಓದುವ ಹುಡುಗ" ಎಂದು ಬೆನ್ನು ತಟ್ಟಿದರು. ಆಮೇಲೆ, "ನಿನ್ನ ಪರೀಕ್ಷೆ ಮುಗಿದ ಮೇಲೆ ಅವನ್ನು ನಮ್ಮ ಸಂಘದ ಕಪಾಟಿಗೆ ತಂದುಕೊಡು. ಹಿಂದಿನಿಂದ ಬರುವ ಹುಡುಗರಿಗೆ ಆದೀತು" ಎಂದರು.

ನಾನು ಆ ಮೆಟ್ಟಿಲನ್ನು ಮತ್ತೆ ಹತ್ತಲಿಲ್ಲ. ಎರಡನೆಯ ವರ್ಷದ ವೇತನಕ್ಕೆ ಅರ್ಜಿ ಹಾಕಲಿಲ್ಲ. ಹಾಕಿದ್ದರೆ ಸಿಗುತ್ತಿತ್ತು, ಪುಸ್ತಕಗಳನ್ನು ಎಲ್ಲಿಂದ ತರಲಿ? ಆ ವರ್ಷ ಕಾಲೇಜು ಬಿಟ್ಟು ಹೋಟೆಲಿಗೇ ಹಿಂತಿರುಗಿದೆನು. ನಾಲ್ಕು ವರ್ಷಗಳ ವ್ಯಾಸಂಗಕ್ಕೆ ನನಗೆ ಐದು ವರ್ಷ ಹಿಡಿಯಿತು. ಆ ಹಿರಿಯರು ತೀರಿಕೊಂಡ ಸುದ್ದಿ ಬಂದಾಗಲೂ ನಾನು ಹೋಗಲಿಲ್ಲ.

ಮೊಮ್ಮಗಳು ಇದನ್ನೆಲ್ಲ ಗಲ್ಲಕ್ಕೆ ಕೈಯಿಟ್ಟು ಕೇಳಿದಳು. ಅವಳು ಮರುಗುತ್ತಾಳೆ ಎಂದುಕೊಂಡಿದ್ದೆನು. ಅವಳು ಕೇಳಿದ್ದು ಒಂದೇ ಮಾತು: "ಅಜ್ಜ, ಅವರು ಕೊಟ್ಟ ಪತ್ರದಲ್ಲಿ ಏನು ಬರೆದಿತ್ತು?"

ನಾನು ಬೆಪ್ಪಾದೆನು. ಕಾರ್ಯದರ್ಶಿಗಳ ಬಾಯಿಮಾತು ನನಗೆ ಅಕ್ಷರಶಃ ನೆನಪಿದೆ. ಪತ್ರವನ್ನು ನಾನು ಓದಿದ್ದೆನೇ? ಮೊತ್ತವನ್ನು ನೋಡಿದ್ದೆನು, ಮಡಿಸಿ ಕಿಸೆಯಲ್ಲಿ ಇಟ್ಟಿದ್ದೆನು. ಹೋಟೆಲಿನ ಊಟವನ್ನು ಬಿಟ್ಟದ್ದೇ ಕಾಲೇಜಿಗಾಗಿ. ಓದಿಗಾಗಿ ಕಳೆದುಕೊಂಡ ಅನ್ನವೂ ಓದಿನ ವೆಚ್ಚವೇ ಎಂದು ಆ ಹಿರಿಯರಿಗೆ ಹೇಳಬಹುದೆಂಬ ಯೋಚನೆಯೇ ಹದಿನೆಂಟು ವರ್ಷದ ಆ ಹುಡುಗನಿಗೆ ಬರಲಿಲ್ಲ. ಊಟ ಮಾಡಿದ್ದು ತಪ್ಪೆಂದು ಅವನು ನಂಬಿಬಿಟ್ಟಿದ್ದನು. ಊಟ ಮಾಡಿದ್ದಲ್ಲ, ಚೀಟಿ ಬರೆಸಿದ್ದು ತಪ್ಪು.

ಅವಳು ಎದ್ದುಹೋಗಿ ತನ್ನ ಪತ್ರಗಳನ್ನು ತಂದಳು. ಎರಡು ಇದ್ದವು. ಮೊದಲನೆಯದು 2,000 ಡಾಲರಿನದು, ಶುಲ್ಕಕ್ಕೆ ಮಾತ್ರ ಎಂದು ಸ್ಪಷ್ಟವಾಗಿತ್ತು. ಎರಡನೆಯದು 4,000ದ್ದು; ಅದರಲ್ಲಿ ಶುಲ್ಕ, ಪುಸ್ತಕ, ವಸತಿ, ಊಟ ಎಲ್ಲಕ್ಕೂ ಬಳಸಬಹುದೆಂದು ಇತ್ತು. ಮಗಳು ಕೇಳುತ್ತಿದ್ದುದೂ ಅಷ್ಟನ್ನೇ. ಅಳಿಯಂದಿರು ಎರಡು ಸಲ ಓದಿ, ಕನ್ನಡಕ ತೆಗೆದು, "ಸರಿ" ಎಂದರು. ಹುಡುಗಿ ತನ್ನ ಹೆಸರಿನ ಹಾಳೆಯಲ್ಲಿ ತಾನೇ 4,000 ಎಂದು ತುಂಬಿದಳು. ಯಾಕೋ ಆಗ ಅವಳ ಮುಖದಲ್ಲಿ ನಾಚಿಕೆ ಇರಲಿಲ್ಲ.

ಇಷ್ಟಕ್ಕೇ ಲೆಕ್ಕ ಮುಗಿಯಲಿಲ್ಲ. ಈ ಜಮೆಯನ್ನು ಒಬ್ಬ ವಿದ್ಯಾರ್ಥಿಯ ಹೆಸರಿನಲ್ಲಿ ನಾಲ್ಕು ವರ್ಷ ಮಾತ್ರ ಕೇಳಬಹುದು. ಆಗಸ್ಟಿನಲ್ಲಿ ಸೇರಿ ನಾಲ್ಕು ವರ್ಷ ಓದುವವಳು ಐದು ಕ್ಯಾಲೆಂಡರುಗಳನ್ನು ಮುಟ್ಟುತ್ತಾಳೆ, ಒಂದನ್ನು ಬಿಡಲೇಬೇಕು. ಅರ್ಧ ವರ್ಷದ ಶುಲ್ಕವಷ್ಟೇ ಇರುವ ಮೊದಲ ವರ್ಷವನ್ನು ಬಿಟ್ಟರೆ ಹೇಗೆ ಎಂದು ಅಳಿಯಂದಿರ ಯೋಚನೆ. ಮೊದಲ ವರ್ಷದಲ್ಲಿಯೇ ಪೂರ್ಣ ಜಮೆ ಸಿಗುತ್ತಿರುವಾಗ, ಮುಂದೆ ವೇತನ ನಿಲ್ಲುವುದೋ ವರಮಾನ ಮಿತಿಯನ್ನು ದಾಟುವುದೋ ಯಾರು ಬಲ್ಲರು ಎಂದು ಮಗಳ ವಾದ. ಕೈಗೆ ಬಂದ ತುತ್ತನ್ನು ಬಾಯಿಗಿಡುವುದೆಂದೇ ಕೊನೆಗೆ ತೀರ್ಮಾನವಾಯಿತು. ಗಡಿಯಾರ ಹನ್ನೆರಡು ಹೊಡೆಯುತ್ತಿತ್ತು.

ನಿಮ್ಮಲ್ಲಿ ಕೆಲವರು ಮುಂದೆ ಆ ದೇಶಕ್ಕೆ ಓದಲು ಹೋದೀರಿ. ವಿದ್ಯಾರ್ಥಿ ವೀಸಾದ ಮೇಲೆ ಹೋಗುವವರಿಗೆ ಮೊದಲ ವರ್ಷಗಳಲ್ಲಿ ಸಾಮಾನ್ಯವಾಗಿ ಈ ಜಮೆ ಇಲ್ಲ. ಅದು ಅಲ್ಲಿಯ ನಿವಾಸಿಗಳಿಗೆ. ಊಟ ವಸತಿಗೆಂದು ನಿಮಗೆ ಬರುವ ವೇತನದಲ್ಲಿ ಕಾಲೇಜೇ ನೂರಕ್ಕೆ 14ರಂತೆ ತೆರಿಗೆಯನ್ನು ಮುರಿದುಕೊಳ್ಳುವುದುಂಟು. ಆದರೆ 1989ರ ಭಾರತ ಅಮೆರಿಕ ತೆರಿಗೆ ಒಪ್ಪಂದದ 21ನೆಯ ವಿಧಿಯ ಬಲದಿಂದ ಭಾರತದ ವಿದ್ಯಾರ್ಥಿಗಳು ಅಲ್ಲಿಯ ಪ್ರಜೆಗಳಿಗಿರುವ ಆ ಸಾಮಾನ್ಯ ವಿನಾಯಿತಿಯನ್ನು ಕೇಳಬಹುದು. ಇತರ ಅನೇಕ ದೇಶಗಳ ವಿದ್ಯಾರ್ಥಿಗಳಿಗೆ ಈ ಸೌಕರ್ಯವಿಲ್ಲ. ಲೆಕ್ಕಪತ್ರವನ್ನು ಸಲ್ಲಿಸಿದರೆ ಮುರಿದ ಹಣ ಹಿಂದಕ್ಕೆ ಬರಬಹುದು. ಸಲ್ಲಿಸದಿದ್ದರೆ ಅಲ್ಲೇ ಉಳಿಯುತ್ತದೆ.

ನಮ್ಮ ದೇಶದ ಮಾತು ಬೇರೆ. 1961ರ ವರಮಾನ ತೆರಿಗೆ ಕಾಯಿದೆಯ 10ನೆಯ ಕಲಮು, ವಿದ್ಯಾಭ್ಯಾಸದ ವೆಚ್ಚಕ್ಕಾಗಿ ಕೊಟ್ಟ ವೇತನಕ್ಕೆ ತೆರಿಗೆ ಇಲ್ಲ ಎಂದಷ್ಟೇ ಹೇಳಿತು. ಅನ್ನಕ್ಕೂ ಪುಸ್ತಕಕ್ಕೂ ನಡುವೆ ಗೆರೆ ಎಳೆಯಲಿಲ್ಲ. "ವಿದ್ಯಾಭ್ಯಾಸದ ವೆಚ್ಚ" ಎಂದರೇನು ಎಂಬ ಪ್ರಶ್ನೆ ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯಕ್ಕೇ ಒಮ್ಮೆ ಬಂದಿತ್ತು. ಬರಿಯ ಶುಲ್ಕವಲ್ಲ, ವಿದ್ಯೆ ಪಡೆಯುವುದಕ್ಕೆ ಅನುಷಂಗಿಕವಾದ ಇತರ ಖರ್ಚುಗಳೂ ಅದರಲ್ಲಿ ಸೇರುತ್ತವೆಂದು ನ್ಯಾಯಾಲಯವು ಹೇಳಿತು. 1981ರ ತೆರಿಗೆ ವರದಿಗಳಲ್ಲಿ ಆ ತೀರ್ಪು ಅಚ್ಚಾಗಿದೆ. ಇದನ್ನು ನಾನು ಓದಿದ್ದು ಟೆಕ್ಸಾಸಿನಿಂದ ಹಿಂತಿರುಗಿದ ಮೇಲೆ. ನನ್ನ ಪ್ರಸಂಗಕ್ಕೂ ಅದಕ್ಕೂ ಕಾನೂನಿನ ಸಂಬಂಧವಿಲ್ಲವೆಂದು ನನಗೆ ಗೊತ್ತು. 400 ರೂಪಾಯಿಗೆ ತೆರಿಗೆ ಕೇಳುವವರು ಯಾರು? ಆದರೂ ಆ ಪುಟವನ್ನು ಮೂರು ಸಲ ಓದಿದೆನು.

ಕಳೆದ ಮಳೆಗಾಲದಲ್ಲಿ ಆ ಸಂಘದ ಮೆಟ್ಟಿಲನ್ನು ಹತ್ತಿದೆನು. ಈಗಿನ ಕಾರ್ಯದರ್ಶಿ ನನ್ನ ಮಗಳಿಗಿಂತ ಕಿರಿಯವರು. ಹಳೆಯ ಕಡತ ಸಿಕ್ಕೀತೇ ಎಂದು ಕೇಳಿದೆನು. ಅವೆಲ್ಲ ಎಂದೋ ಗೆದ್ದಲು ಹಿಡಿದು ಹೋದವಂತೆ. ನನ್ನ ಪತ್ರದಲ್ಲಿ ಏನಿತ್ತೆಂಬುದು ಇನ್ನು ಯಾರಿಗೂ ತಿಳಿಯುವಂತಿಲ್ಲ. ನಾನು ಚೀಲದಲ್ಲಿ ಹೊತ್ತು ಒಯ್ದಿದ್ದ ಹತ್ತು ವಾಣಿಜ್ಯದ ಪುಸ್ತಕಗಳನ್ನು ಅವರ ಮೇಜಿನ ಮೇಲೆ ಇಟ್ಟು ಎಲ್ಲವನ್ನೂ ಹೇಳಿದೆನು. ಅವರು ನಕ್ಕರು, ಆಮೇಲೆ ನಗುವುದನ್ನು ನಿಲ್ಲಿಸಿ ಚಹಾ ತರಿಸಿದರು. ಅವರು ಕೊಡುವ ಅರ್ಜಿಯ ನಮೂನೆಯನ್ನು ತೋರಿಸಿರೆಂದೆನು. ಅದರಲ್ಲಿ "ಫೀಸು ಮತ್ತು ಪುಸ್ತಕಗಳಿಗಾಗಿ" ಎಂಬ ಸಾಲು ಇನ್ನೂ ಇತ್ತು. ಅದರ ಕುರಿತು ನಾವಿಬ್ಬರೂ ಬಹಳ ಹೊತ್ತು ಮಾತನಾಡಿದೆವು.

ಈ ವರ್ಷದ ನಮೂನೆ ನಿಮ್ಮ ಶಾಲೆಯ ಕಚೇರಿಗೂ ಬಂದಿದೆ. ಹತ್ತನೆಯ ತರಗತಿಯವರು ಕೇಳಿ ಪಡೆಯಬಹುದು. ಅದರ ಎರಡನೆಯ ಪುಟದಲ್ಲಿ ಫೀಸು, ಪುಸ್ತಕ, ರೈಲ್ವೆ ಪಾಸು, ಊಟ ಎಂದು ನಾಲ್ಕು ಕಲಮುಗಳಿವೆ. ಸಹಿ ಹಾಕುವ ಮುನ್ನ ಓದಿರಿ. ರಸೀದಿಯನ್ನು ಮಾತ್ರ ಅವರು ಇಂದಿಗೂ ಕೇಳುತ್ತಾರೆ. ಖಾನಾವಳಿಯ ರಸೀದಿಯೂ ನಡೆಯುತ್ತದೆ.